ಚಾರ್ಟಿನಲ್ಲಿ ಇಲ್ಲದ ಬೆಲೆಗೆ ಸ್ಟಾಪ್‌ಲಾಸ್ ಹೊಡೆದಾಗ

ಮಂಗಳವಾರ, ನಿಫ್ಟಿ ಎಕ್ಸ್‌ಪೈರಿ, ಅಂದರೆ ಷೇರುಪೇಟೆ ಸೂಚ್ಯಂಕ ನಿಫ್ಟಿಯ ಆಪ್ಷನ್ ಒಪ್ಪಂದಗಳ ಗಡುವು ಮುಗಿಯುವ ದಿನ. ಬೆಳಿಗ್ಗೆ ಹತ್ತೂವರೆಗೆ ಪಕ್ಕದ ಮನೆ ಹುಡುಗ ಮೊಬೈಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. "ಅಣ್ಣಾ, ನೋಡ್ರಿ ಇಲ್ಲಿ. 142ಕ್ಕೆ ಟ್ರಿಗರ್ ಇಟ್ಟಿದ್ದೆ. ಚಾರ್ಟಲ್ಲಿ ಲೋ 142.60. ಅಲ್ಲಿಗೆ ಬಂದೇ ಇಲ್ಲ. ಆದ್ರೂ ನನ್ ಸ್ಟಾಪ್‌ಲಾಸ್ ಹೊಡೆದೈತೆ. ಆಮೇಲೆ ನೋಡಿದ್ರೆ 190ಕ್ಕೆ ಹೋಗೈತೆ. ಇದು ಮೋಸ ಅಲ್ವಾ?"

ಸ್ಟಾಪ್‌ಲಾಸ್ ಅಂದರೆ ನಷ್ಟ ಬೆಳೆಯದಿರಲಿ ಅಂತ ಮೊದಲೇ ಹಾಕಿಟ್ಟ ಆರ್ಡರ್. ಬೆಲೆ ಟ್ರಿಗರ್‌ಗೆ, ಅಂದರೆ ನಾವು ಹೇಳಿಟ್ಟ ಅಂಕಿಗೆ ಇಳಿದರೆ ಮಾರುವ ಆರ್ಡರ್ ತಾನಾಗೇ ಹೋಗುತ್ತದೆ. ಹುಡುಗ ಆಗಲೇ ಒಂದು ತೀರ್ಮಾನಕ್ಕೂ ಬಂದಿದ್ದ. ಬ್ರೋಕರ್ ಕೊಡುವ ಪುಕ್ಕಟೆ ಚಾರ್ಟು ಸರಿಯಿಲ್ಲ, ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ಬೇರೆ ಡೇಟಾ ಫೀಡ್ (ಲೈವ್ ಬೆಲೆ ಕಳಿಸುವ ಸೇವೆ) ತಗೋಬೇಕು, ಜೊತೆಗೆ ಎರಡನೇ ಮಾನಿಟರ್. ಇದು ಅವನೊಬ್ಬನ ಮಾತಲ್ಲ. ದಾವಣಗೆರೆಯಲ್ಲಿ ಬೆಣ್ಣೆದೋಸೆ ಬರುವವರೆಗೆ ಕಾಲ್, ಪುಟ್ ಎಂದು ಆಪ್ಷನ್ ವ್ಯಾಪಾರದ ಮಾತಾಡುವ ಟೇಬಲ್ಲು ಈಗ ಎಲ್ಲ ಹೋಟೆಲಿನಲ್ಲೂ ಒಂದಾದರೂ ಸಿಗುತ್ತದೆ. ಅಲ್ಲಿ ಕೊನೆಗೆ ಬರುವ ಪ್ರಶ್ನೆ ಇದೇ: ಯಾವ ಫೀಡ್ ಫಾಸ್ಟು? ಯಾವ ಸಾಫ್ಟ್‌ವೇರ್ ಒಳ್ಳೇದು?

ನನಗೆ ಈ ಪ್ರಶ್ನೆಯೇ ಸ್ವಲ್ಪ ಅಡ್ಡದಾರಿ ಅನ್ನಿಸುತ್ತದೆ. ಫಾಸ್ಟು ಅನ್ನುವುದಕ್ಕಿಂತ ಮೊದಲು, ಪರದೆ ಮೇಲೆ ಕಾಣುವ ಅಂಕಿ ಯಾವುದರಿಂದ ಆಗಿದೆ ಅನ್ನುವುದನ್ನು ನೋಡಬೇಕು.

ಎಪಿಎಂಸಿ ಯಾರ್ಡಿಗೆ ಹೋಗಿ ಬಂದವರಿಗೆ ಇದು ಬೇಗ ಹೊಳೆಯುತ್ತದೆ. ಸಂಜೆ ಮೆಕ್ಕೆಜೋಳಕ್ಕೆ ಮೂರು ಬೆಲೆ ಪ್ರಕಟವಾಗುತ್ತದೆ: ಕನಿಷ್ಠ, ಗರಿಷ್ಠ, ಮಾದರಿ. ಯಾರೋ ಒಬ್ಬ ರೈತರ ಜೋಳದಲ್ಲಿ ತೇವ ಜಾಸ್ತಿ ಇತ್ತು, ಕಡಿಮೆಗೆ ಹೋಯಿತು ಅಂದುಕೊಳ್ಳಿ. ಬರೆದುಕೊಳ್ಳುವವರು ಆ ಒಂದು ಲಾಟು ಬಿಟ್ಟುಬಿಟ್ಟರೆ ಪಟ್ಟಿಯ ಕನಿಷ್ಠ ಬೆಲೆಯೇ ಬೇರೆಯಾಗುತ್ತದೆ. ಹಾಗಂತ ವ್ಯಾಪಾರ ನಡೆದೇ ಇಲ್ಲ ಅನ್ನೋಕಾಗುತ್ತದಾ? ಆ ರೈತರ ಕೈಯಲ್ಲಿ ಪಟ್ಟಿ ಇದೆ, ದುಡ್ಡೂ ಸಿಕ್ಕಿದೆ.

ಚಾರ್ಟಿನ ಒಂದೊಂದು ಕಡ್ಡಿಗೆ ಕ್ಯಾಂಡಲ್ ಅಂತಾರೆ, ಅಷ್ಟು ಹೊತ್ತಿನ ಮೊದಲ, ಕೊನೆಯ, ಗರಿಷ್ಠ (ಹೈ), ಕನಿಷ್ಠ (ಲೋ) ಬೆಲೆ ಅದರಲ್ಲಿರುತ್ತದೆ. ಅದು ಕೂಡ ಹೀಗೆ ಬರೆದುಕೊಂಡ ಲೆಕ್ಕವೇ. ಎಕ್ಸ್‌ಪೈರಿ ದಿನ ಒಂದೇ ಆಪ್ಷನ್ನಿನಲ್ಲಿ ಸೆಕೆಂಡಿಗೆ ಎಷ್ಟೋ ವ್ಯಾಪಾರ ಆಗುತ್ತದೆ. ಅಷ್ಟೂ ನಿಮ್ಮ ಮೊಬೈಲಿಗೆ ಬರುವುದಿಲ್ಲ. ಎಕ್ಸ್‌ಚೇಂಜು ಸಾಮಾನ್ಯ ಬ್ರೋಕರುಗಳಿಗೆ ಕಳಿಸುವುದೇ ಫೋಟೋ ತೆಗೆದ ಹಾಗೆ, ಆಯಾ ಕ್ಷಣದ ಬೆಲೆ. ಬ್ರೋಕರ್ ಅದನ್ನು ಇನ್ನಷ್ಟು ತೆಳು ಮಾಡಿ ನಿಮಗೆ ಕಳಿಸುತ್ತಾರೆ. ಎರಡು ಫೋಟೋ ನಡುವೆ 141.95ಕ್ಕೆ ಒಂದು ವ್ಯಾಪಾರ ಆಗಿ ಮತ್ತೆ ಬೆಲೆ ಮೇಲೆ ಹೋಗಿದ್ದರೆ ಅದು ಚಾರ್ಟಿಗೆ ಸಿಗಲೇ ಇಲ್ಲ. ಆದರೆ ಸ್ಟಾಪ್‌ಲಾಸ್ ಆರ್ಡರ್ ಕೂತಿರುವುದು ನಿಮ್ಮ ಚಾರ್ಟಿನಲ್ಲಿ ಅಲ್ಲ, ಎಕ್ಸ್‌ಚೇಂಜಿನ ಯಂತ್ರದಲ್ಲಿ. ಅದಕ್ಕೆ ಪ್ರತಿಯೊಂದು ವ್ಯಾಪಾರವೂ ಕಾಣುತ್ತದೆ. ಎರಡು ಬ್ರೋಕರುಗಳ ಒಂದು ನಿಮಿಷದ ಕ್ಯಾಂಡಲ್ ಪಕ್ಕ ಪಕ್ಕ ಇಟ್ಟರೆ ಹೈ, ಲೋ ಐದು ಪೈಸೆ, ಹತ್ತು ಪೈಸೆ ಆಚೀಚೆ ಇರುವುದೂ ಇದಕ್ಕೇ.

ಹುಡುಗನಿಗೆ ಆ್ಯಪಿನ ಟ್ರೇಡ್‌ಬುಕ್ (ಆದ ವ್ಯಾಪಾರಗಳ ಪಟ್ಟಿ) ತೆಗೆಸಿ, ಅದರಲ್ಲಿದ್ದ ಟ್ರೇಡ್ ನಂಬರ್, ಸಮಯ ಬರೆದುಕೊಳ್ಳೋಕೆ ಹೇಳಿದೆ. ನಿಫ್ಟಿ ಆಪ್ಷನ್ ವ್ಯಾಪಾರ ನಡೆಯುವ ಎಕ್ಸ್‌ಚೇಂಜು ಎನ್‌ಎಸ್‌ಇ, ಅದರ ವೆಬ್‌ಸೈಟಿನಲ್ಲಿ ಟ್ರೇಡ್ ವೆರಿಫಿಕೇಶನ್ ಅಂತ ಒಂದು ಪುಟ ಇದೆ. ಅಲ್ಲಿ ಇದನ್ನು ಹಾಕಿದರೆ ಆ ವ್ಯಾಪಾರ ನಿಜವಾಗಿ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಮರುದಿನ ನೋಡಿದ. ಆಗಿತ್ತು. ಇನ್ನೊಂದು ಸಣ್ಣ ಉಪಾಯವೂ ಇದೆ. ಎಕ್ಸ್‌ಚೇಂಜು ಕಳಿಸುವ ಪ್ರತಿ ಫೋಟೋದಲ್ಲೂ ಇಡೀ ದಿನದ ಹೈ, ಲೋ ಬೇರೆಯಾಗಿ ಬರುತ್ತದೆ. ಅದು ಎಕ್ಸ್‌ಚೇಂಜೇ ಲೆಕ್ಕ ಹಾಕಿದ್ದು, ಹಾಗಾಗಿ ತಪ್ಪುವುದಿಲ್ಲ. ದಿನದ ಲೋ ಬಳಿಯೇ ನಿಮ್ಮ ಆರ್ಡರ್ ಹೊಡೆದಿದ್ದರೆ ಚಾರ್ಟ್ ಬಿಟ್ಟು ಆ ಅಂಕಿ ನೋಡಿ.

ಹಾಗಾದರೆ ದುಡ್ಡು ಕೊಟ್ಟರೆ ಪ್ರತಿಯೊಂದು ವ್ಯಾಪಾರವೂ ಸಿಗುತ್ತದಾ? ಇಲ್ಲೇ ಜಾಸ್ತಿ ಜನ ಎಡವುವುದು. ಎನ್‌ಎಸ್‌ಇ ತನ್ನ ಲೈವ್ ಡೇಟಾವನ್ನು ಮೆಟ್ಟಿಲು ಮೆಟ್ಟಿಲಾಗಿ ಮಾರುತ್ತದೆ. ಲೆವೆಲ್ ಒಂದರಲ್ಲಿ ಕೊನೆಯ ಬೆಲೆ, ವಾಲ್ಯೂಮ್, ಎಲ್ಲರಿಗಿಂತ ಮೇಲಿನ ಬಿಡ್ (ಕೊಳ್ಳುವವರು ಹೇಳುವ ಬೆಲೆ), ಎಲ್ಲರಿಗಿಂತ ಕೆಳಗಿನ ಆಸ್ಕ್ (ಮಾರುವವರು ಹೇಳುವ ಬೆಲೆ). ಲೆವೆಲ್ ಎರಡರಲ್ಲಿ ಐದೈದು ಸಾಲು, ಅಂದರೆ ನಿಮ್ಮ ಬ್ರೋಕರ್ ಆ್ಯಪಿನಲ್ಲಿ ಕಾಣುವ ಮಾರ್ಕೆಟ್ ಡೆಪ್ತ್. ಲೆವೆಲ್ ಮೂರರಲ್ಲಿ ಇಪ್ಪತ್ತು ಸಾಲು. ಎಲ್ಲಕ್ಕಿಂತ ಮೇಲೆ ಟಿಬಿಟಿ, ಟಿಕ್ ಬೈ ಟಿಕ್. ಅದರಲ್ಲಿ ಯಾರೋ ಆರ್ಡರ್ ಹಾಕಿದ್ದು, ತಿದ್ದಿದ್ದು, ತೆಗೆದಿದ್ದು ಎಲ್ಲವೂ ಇರುತ್ತದೆ. ಟ್ರೂಡೇಟಾ, ಗ್ಲೋಬಲ್ ಡೇಟಾಫೀಡ್ಸ್ ತರಹದ ಅಧಿಕೃತ ಮಾರಾಟಗಾರರಿಂದ ನಮ್ಮ ನಿಮ್ಮಂಥವರು ತಗೊಳ್ಳುವುದು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲು. ಜಾಹೀರಾತಿನಲ್ಲಿ 'ಟಿಕ್ ಡೇಟಾ' ಅಂತ ಇದ್ದರೂ ಅದು ಹೆಚ್ಚಿನ ಸಲ ಆ ಟಿಬಿಟಿ ಅಲ್ಲ, ಸ್ವಲ್ಪ ಬೇಗ ಬೇಗ ತೆಗೆದ ಫೋಟೋ. ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಅಂತಷ್ಟೇ.

ಫೀಡ್ ಮೊದಲು ಸಿಗುವುದಕ್ಕೆ ಎಂಥ ಬೆಲೆ ಇದೆ ಅನ್ನುವುದಕ್ಕೆ ಎನ್‌ಎಸ್‌ಇಯ ಕೋಲೊಕೇಶನ್ ಪ್ರಕರಣಕ್ಕಿಂತ ಬೇರೆ ಉದಾಹರಣೆ ಬೇಡ. ಎಕ್ಸ್‌ಚೇಂಜಿನ ಕಟ್ಟಡದಲ್ಲೇ ಬ್ರೋಕರುಗಳು ತಮ್ಮ ಸರ್ವರ್ ಇಟ್ಟುಕೊಳ್ಳುವ ವ್ಯವಸ್ಥೆ ಅದು. 2010ರ ಹೊತ್ತಿಗೆ ಟಿಬಿಟಿ ಡೇಟಾ ಒಬ್ಬರಾದ ಮೇಲೆ ಒಬ್ಬರಿಗೆ ಹೋಗುವ ಪದ್ಧತಿ ಇತ್ತು. ಬೆಳಿಗ್ಗೆ ಮೊದಲು ಲಾಗಿನ್ ಆದವರಿಗೆ ಮೊದಲು. ರೇಷನ್ ಅಂಗಡಿ ಮುಂದೆ ಚೀಲ ಇಟ್ಟು ಸಾಲು ಹಿಡಿದ ಹಾಗೆ! 2014ರಲ್ಲಿ ಎಲ್ಲರಿಗೂ ಒಟ್ಟಿಗೆ ಹೋಗುವ ಮಲ್ಟಿಕಾಸ್ಟ್ ಬಂತು. ಹಳೆಯ ಪದ್ಧತಿಯಲ್ಲಿ ಕೆಲವರಿಗೆ ಅನುಕೂಲ ಆಯಿತು ಎಂಬ ದೂರಿನ ಮೇಲೆ 2019ರ ಏಪ್ರಿಲ್‌ನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ 624.89 ಕೋಟಿ ರೂಪಾಯಿಯನ್ನು ಬಡ್ಡಿ ಸಮೇತ ಕಟ್ಟಲು ಎನ್‌ಎಸ್‌ಇಗೆ ಆದೇಶ ಮಾಡಿತು. 2023ರ ಜನವರಿಯಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ರದ್ದು ಮಾಡಿ, ತಪಾಸಣೆಯಲ್ಲಿ ಕೊರತೆ ಇತ್ತು ಎಂದು 100 ಕೋಟಿ ಕಟ್ಟಲು ಹೇಳಿತು. ಇಷ್ಟೆಲ್ಲ ಜಗಳ ನಡೆದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಸಮಯಕ್ಕೆ.

ಈಗ ನಮ್ಮೂರಿನ ಲೆಕ್ಕ ಹಾಕೋಣ. ಹೆದ್ದಾರಿ 48 ಹಿಡಿದು ಹೋದರೆ ದಾವಣಗೆರೆಯಿಂದ ಮುಂಬೈಗೆ ಸುಮಾರು 700 ಕಿಲೋಮೀಟರ್. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ ಯಾವ ಅಡ್ಡಿಯೂ ಇಲ್ಲದಿದ್ದರೆ ಒಂದು ಕಡೆಗೆ ಮೂರೂವರೆ ಮಿಲಿಸೆಕೆಂಡ್. ನಿಜದಲ್ಲಿ ಅಲ್ಲಿ ಇಲ್ಲಿ ಸುತ್ತಿ, ನಾಲ್ಕಾರು ಕಡೆ ನಿಂತು ಅದರ ಹತ್ತು ಪಟ್ಟು ಆದರೂ ಆಗಲಿ. ಬೆಲೆ ಬದಲಾದದ್ದು ಕಣ್ಣಿಗೆ ಬಿದ್ದು ಬೆರಳು ಒತ್ತುವುದಕ್ಕೇ ಮನುಷ್ಯನಿಗೆ ಕಾಲು ಸೆಕೆಂಡು ಬೇಕು, ಅಂದರೆ 250 ಮಿಲಿಸೆಕೆಂಡ್. ಮುಂಬೈಯಲ್ಲಿ ಸರ್ವರ್ ಇಟ್ಟವರ ಲೆಕ್ಕ ಮಿಲಿಸೆಕೆಂಡಿನಲ್ಲೂ ಇಲ್ಲ, ಅದರ ಸಾವಿರದ ಒಂದು ಪಾಲಿನಲ್ಲಿ. 2024ರ ಸೆಪ್ಟೆಂಬರ್‌ನ ಸೆಬಿ ವರದಿ ಪ್ರಕಾರ ಎಫ್ ಅಂಡ್ ಓದಲ್ಲಿ (ಫ್ಯೂಚರ್ಸ್, ಆಪ್ಷನ್ಸ್ ವ್ಯಾಪಾರ) ವಿದೇಶಿ ಹೂಡಿಕೆದಾರರು ಮಾಡಿದ ಲಾಭದ 97% ಮತ್ತು ಬ್ರೋಕಿಂಗ್ ಸಂಸ್ಥೆಗಳು ಸ್ವಂತ ದುಡ್ಡಿನಲ್ಲಿ ಮಾಡಿದ ಲಾಭದ 96% ಬಂದದ್ದು ಆಲ್ಗೊ ಮೂಲಕ, ಅಂದರೆ ತಾನಾಗೇ ಆರ್ಡರ್ ಹಾಕುವ ಕಂಪ್ಯೂಟರ್ ಪ್ರೋಗ್ರಾಂ ಮೂಲಕ. ಅವರ ಜೊತೆ ಓಟಕ್ಕೆ ನಿಲ್ಲಲು ನೀವು ಫೀಡ್ ಕೊಳ್ಳುತ್ತಿದ್ದರೆ, ಬುಲೆಟ್ ಟ್ರೈನ್ ಜೊತೆ ರೇಸಿಗೆ ಸೈಕಲ್ ಚೈನಿಗೆ ಎಣ್ಣೆ ಬಿಟ್ಟ ಹಾಗೆ.

ಹಾಗಾಗಿ ಕೇಳಬೇಕಾದ್ದು, ನೀವು ಒಂದು ಟ್ರೇಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳುತ್ತೀರಿ ಅಂತ. ವಾರ, ತಿಂಗಳು ಇಟ್ಟುಕೊಳ್ಳುವವರಿಗೆ ಲೈವ್ ಫೀಡೇ ಬೇಡ. ಎನ್‌ಎಸ್‌ಇ ದಿನಾ ಸಂಜೆ ಭಾವ್‌ಕಾಪಿ ಅಂತ ಪೂರ್ತಿ ಪಟ್ಟಿ ಪುಕ್ಕಟೆ ಹಾಕುತ್ತದೆ. ಅದೇ ಸಾಕು. ಐದು ನಿಮಿಷ, ಹದಿನೈದು ನಿಮಿಷದ ಕ್ಯಾಂಡಲ್ ನೋಡಿ ನಾಲ್ಕಾರು ಷೇರಿನಲ್ಲಿ ಆಡುವವರಿಗೆ ಬ್ರೋಕರ್ ಚಾರ್ಟು ಧಾರಾಳ. ಹತ್ತು ಪೈಸೆ ವ್ಯತ್ಯಾಸಕ್ಕೆ ಹದಿನೈದು ನಿಮಿಷದ ಲೆಕ್ಕಾಚಾರ ಬದಲಾಗುತ್ತದೆ ಅಂದರೆ ದೋಷ ಫೀಡಿನದಲ್ಲ. ದುಡ್ಡು ಕೊಟ್ಟು ಫೀಡ್ ತಗೊಳ್ಳುವುದರಲ್ಲಿ ಅರ್ಥ ಇರುವುದು ಮುಖ್ಯವಾಗಿ ಒಂದು ಕಡೆ: ಇನ್ನೂರು, ಮುನ್ನೂರು ಷೇರುಗಳನ್ನು ಒಟ್ಟಿಗೆ ಸ್ವಂತ ಸೂತ್ರದಲ್ಲಿ ಜರಡಿ ಹಿಡಿಯುವವರಿಗೆ. ಮೊಬೈಲ್ ಆ್ಯಪಿನಲ್ಲಿ ಅದು ಆಗುವುದಿಲ್ಲ.

ಆ ಕೆಲಸಕ್ಕೆ ಆಮಿಬ್ರೋಕರ್ ಇವತ್ತಿಗೂ ಗಟ್ಟಿ. ಪೋಲೆಂಡಿನ ಒಬ್ಬ ಎಂಜಿನಿಯರ್ ಬರೆದ ಸಾಫ್ಟ್‌ವೇರ್ ಅದು, ನೋಡಲು ಹಳೇ ಕಾಲದ ಸರ್ಕಾರಿ ಕಚೇರಿ ಕಂಪ್ಯೂಟರ್ ತರಹ ಇದೆ, ಆದರೆ ವೇಗ ಅಂದರೆ ವೇಗ. ವಿಂಡೋಸ್ ಬೇಕು. ಎಎಫ್‌ಎಲ್ ಎಂಬ ಅದರ ಭಾಷೆ ಕಲಿಯಬೇಕು. ಮುಖ್ಯವಾಗಿ ಅದರ ಹೊಟ್ಟೆಯೊಳಗೆ ಡೇಟಾ ಇರುವುದಿಲ್ಲ, ನೀವೇ ತಂದು ತುಂಬಬೇಕು. ಟ್ರೇಡಿಂಗ್‌ವ್ಯೂ ಇದಕ್ಕೆ ತದ್ವಿರುದ್ಧ. ಬ್ರೌಸರ್ ತೆರೆದರೆ ಚಾರ್ಟು ಸಿದ್ಧ, ಅದರ ಭಾಷೆ ಪೈನ್ ಸ್ಕ್ರಿಪ್ಟ್ ಕಲಿಯಲು ಸುಲಭ. ನಮ್ಮ ಎಷ್ಟೋ ಬ್ರೋಕರುಗಳು ತಮ್ಮ ಆ್ಯಪಿನೊಳಗೆ ಕೂರಿಸಿರುವುದೂ ಅದರ ಚಾರ್ಟನ್ನೇ. ಆದರೆ ಒಂದು ವಿಷಯ ನೆನಪಿಡಿ. ಚಾರ್ಟು ಟ್ರೇಡಿಂಗ್‌ವ್ಯೂದು, ಡೇಟಾ ಬ್ರೋಕರಿಂದು. ಪಾತ್ರೆ ಒಂದೇ ಇರಬಹುದು, ಸಾರು ಬೇರೆ.

ಸಾಫ್ಟ್‌ವೇರ್ ಆರಿಸುವಾಗ ಬಣ್ಣ, ಇಂಡಿಕೇಟರ್ (ಬೆಲೆಯಿಂದ ಲೆಕ್ಕ ಹಾಕಿ ಚಾರ್ಟಿನ ಮೇಲೆ ಹಾಕುವ ಗೆರೆ, ಗುರುತು) ಸಂಖ್ಯೆ ನೋಡಿ ಮರುಳಾಗುವವರೇ ಜಾಸ್ತಿ. ನಾನು ಮೊದಲು ನೋಡುವುದು ರಿಲಯನ್ಸ್ ಚಾರ್ಟಿನ 2024ರ ಅಕ್ಟೋಬರ್ 28. ಅವತ್ತು ಒಂದಕ್ಕೊಂದು ಬೋನಸ್. 2,600ರ ಆಸುಪಾಸಿನಲ್ಲಿದ್ದ ಬೆಲೆ 1,300ರ ಆಸುಪಾಸಿಗೆ ಬಂತು. ಯಾರೂ ಅರ್ಧ ದುಡ್ಡು ಕಳಕೊಳ್ಳಲಿಲ್ಲ, ಷೇರಿನ ಸಂಖ್ಯೆ ಎರಡು ಪಟ್ಟಾಯಿತು ಅಷ್ಟೇ. ಒಳ್ಳೆಯ ಡೇಟಾದಲ್ಲಿ ಹಿಂದಿನ ಬೆಲೆಗಳೆಲ್ಲ ಅರ್ಧ ಆಗಿ ಹೊಂದಿಕೊಂಡಿರುತ್ತವೆ. ಸರಿಪಡಿಸದ ಡೇಟಾದಲ್ಲಿ ಅಲ್ಲಿ ಒಂದು ದೊಡ್ಡ ಪ್ರಪಾತ ಕಾಣುತ್ತದೆ. ಅದರ ಮೇಲೆ ನಿಮ್ಮ ಸೂತ್ರ ಓಡಿಸಿದರೆ 'ಶಾರ್ಟ್ ಮಾಡಿದ್ದರೆ (ಮೊದಲು ಮಾರಿ ಆಮೇಲೆ ಕೊಂಡಿದ್ದರೆ) 50% ಲಾಭ' ಅಂತ ಖುಷಿಯಾಗಿ ಹೇಳುತ್ತದೆ. ಸುಮ್ನೆ ಎರಡು ನಿಮಿಷದ ಪರೀಕ್ಷೆ. ದುಡ್ಡು ಕೊಡುವ ಮೊದಲೇ ಮಾಡಿ.

ದಿನದ ಕ್ಲೋಸ್ ಇನ್ನೊಂದು ಗೊಂದಲ. ಷೇರುಗಳ ಹಳೆಯ ಡೇಟಾದಲ್ಲಿ ಎನ್‌ಎಸ್‌ಇ ಕೊಡುವ ಕ್ಲೋಸ್ ಅಂದರೆ 3:30ರ ಕೊನೆಯ ವ್ಯಾಪಾರದ ಬೆಲೆ ಅಲ್ಲ, 3ರಿಂದ 3:30ರವರೆಗಿನ ವ್ಯಾಪಾರದ ತೂಕದ ಸರಾಸರಿ. ಹಾಗಾಗಿ ದಿನದ ಕ್ಯಾಂಡಲ್ ಒಂದು ಹೇಳುತ್ತದೆ, ಕೊನೆಯ ನಿಮಿಷದ ಕ್ಯಾಂಡಲ್ ಇನ್ನೊಂದು ಹೇಳುತ್ತದೆ. ಎರಡೂ ಸರಿ. ನಿಫ್ಟಿ ಚಾರ್ಟಿನ ಮೇಲೆ ವಿವಾಪ್ ಗೆರೆ (ವಾಲ್ಯೂಮಿನ ತೂಕದ ಸರಾಸರಿ ಬೆಲೆ) ಎಳೆದು ನಂಬುವವರೂ ಇದ್ದಾರೆ. ನಿಫ್ಟಿ ಅನ್ನುವುದು ಕೊಳ್ಳುವ ಮಾರುವ ವಸ್ತುವಲ್ಲ, 50 ಷೇರುಗಳಿಂದ ತೆಗೆದ ಲೆಕ್ಕ. ಅದಕ್ಕೆ ಸ್ವಂತ ವಾಲ್ಯೂಮ್ ಎಲ್ಲಿಂದ ಬರಬೇಕು? ವಿವಾಪ್ ಬೇಕಿದ್ದರೆ ಫ್ಯೂಚರ್ಸ್ ಚಾರ್ಟಿನಲ್ಲಿ ಹಾಕಿ.

ಇನ್ನು ಬಾಣದ ಗುರುತುಗಳ ವಿಷಯ. ಇದರಲ್ಲಿ ನಾನೂ ಒಮ್ಮೆ ದುಡ್ಡು ಕಳಕೊಂಡಿದ್ದೇನೆ. ಹಸಿರು ಬಾಣ ಬಂದರೆ ಕೊಳ್ಳು, ಕೆಂಪು ಬಂದರೆ ಮಾರು. ಹಳೆಯ ಚಾರ್ಟಿನಲ್ಲಿ ನೋಡಿದರೆ ಪ್ರತಿ ತಳದಲ್ಲೂ ಹಸಿರು, ಪ್ರತಿ ಶಿಖರದಲ್ಲೂ ಕೆಂಪು. ಲೈವ್ ಓಡಿಸಿದರೆ ದಿನಾ ನಷ್ಟ. ಒಂದು ದಿನ ಅನುಮಾನ ಬಂದು ಬೆಳಿಗ್ಗೆ 10ಕ್ಕೆ, 12ಕ್ಕೆ, ಸಂಜೆ ನಾಲ್ಕಕ್ಕೆ ಪರದೆಯ ಫೋಟೋ ತೆಗೆದು ಪಕ್ಕ ಪಕ್ಕ ಇಟ್ಟೆ. 10 ಗಂಟೆಗೆ ಇದ್ದ ಹಸಿರು ಬಾಣ ಸಂಜೆ ಅಲ್ಲಿ ಇರಲಿಲ್ಲ! ಎರಡು ಕ್ಯಾಂಡಲ್ ಮುಂದಕ್ಕೆ, ಸರಿಯಾದ ತಳಕ್ಕೆ ಜರುಗಿ ಕೂತಿತ್ತು. ರಿಪೇಂಟ್ ಅಂತಾರೆ ಇದಕ್ಕೆ. ಮುಂದೆ ಬರುವ ಕ್ಯಾಂಡಲ್ ನೋಡಿಕೊಂಡು ಹಿಂದಿನ ಗುರುತು ತಿದ್ದುವುದು. ಜಿಗ್‌ಜ್ಯಾಗ್ ಇಂಡಿಕೇಟರಿನ ಗುಣವೇ ಅದು, ಅದರ ಮೇಲೆ ಬಣ್ಣ ಬಳಿದು ಮಾರುತ್ತಾರೆ. ಹೈಕಿನ್ ಆಶಿ ಕ್ಯಾಂಡಲ್ ಮೇಲೆ ಲಾಭ ತೋರಿಸುವುದೂ ಇದೇ ಜಾತಿ. ಆ ಕ್ಯಾಂಡಲಿನ ಬೆಲೆ ಸರಾಸರಿ ಲೆಕ್ಕ, ಆ ಬೆಲೆಗೆ ನಿಮಗೆ ಯಾರೂ ಕೊಡುವುದಿಲ್ಲ.

ಇಂಥವು ಮಾರಾಟಕ್ಕೆ ಬರುವುದು ಹೆಚ್ಚಾಗಿ ಟೆಲಿಗ್ರಾಮಿನಲ್ಲಿ. 'ಆಮಿಬ್ರೋಕರ್ ಕ್ರ್ಯಾಕ್, ಲೈಫ್‌ಟೈಮ್ ಡೇಟಾ, ಆಟೋ ಸಿಗ್ನಲ್, ಒಂದೇ ಸಲ ಪಾವತಿ.' ಲೈಫ್‌ಟೈಮ್ ಯಾರದ್ದು ಅನ್ನುವುದೇ ಪ್ರಶ್ನೆ. ಡೇಟಾ ಎಕ್ಸ್‌ಚೇಂಜಿನ ಸ್ವತ್ತು, ಮಾರಾಟಗಾರರು ಅದಕ್ಕೆ ಕಾಲಕಾಲಕ್ಕೆ ಶುಲ್ಕ ಕಟ್ಟಬೇಕು. ಒಮ್ಮೆ ದುಡ್ಡು ತಗೊಂಡು ಶಾಶ್ವತವಾಗಿ ಕೊಡುವವರು ಯಾರದೋ ಬ್ರೋಕರ್ ಲಾಗಿನ್ನಿಂದ ಎಳೆದು ಹಂಚುತ್ತಿರುತ್ತಾರೆ. ಆ ಲಾಗಿನ್ ಬಂದ್ ಆದ ದಿನ ನಿಮ್ಮ ಚಾರ್ಟೂ ಬಂದ್. ಕ್ರ್ಯಾಕ್ ಹಾಕಿದ ಕಂಪ್ಯೂಟರಿನಲ್ಲೇ ನೀವು ಬ್ರೋಕರ್ ಪಾಸ್‌ವರ್ಡ್ ಹೊಡೆಯುವುದು, ಅದನ್ನೂ ಯೋಚಿಸಿ. ಸೆಬಿ 2024ರ ಮೇ ತಿಂಗಳಲ್ಲಿ ಲೈವ್ ಬೆಲೆಯನ್ನು ಆಟದ ಆ್ಯಪುಗಳಿಗೆ, ಇತರರಿಗೆ ಹಂಚುವುದಕ್ಕೆ ಕಡಿವಾಣ ಹಾಕಿತು. 2025ರ ಜನವರಿಯಲ್ಲಿ, ಪಾಠ ಮಾತ್ರ ಮಾಡುತ್ತೇವೆ ಎನ್ನುವವರು ಹಿಂದಿನ ಮೂರು ತಿಂಗಳ ಬೆಲೆ ಬಳಸುವಂತಿಲ್ಲ ಎಂದಿತು. ಲೈವ್ ಚಾರ್ಟ್ ಇಟ್ಟುಕೊಂಡು 'ಕ್ಲಾಸ್' ನಡೆಸುವವರಿಗೆ ಬಿದ್ದ ಪೆಟ್ಟು ಅದು. ಸ್ವಂತ ಆಲ್ಗೊ ಬರೆಯುವ ಹುಡುಗರು 2025ರ ಫೆಬ್ರವರಿ 4ರ ಸುತ್ತೋಲೆಯನ್ನೂ ಓದಬೇಕು. ಬ್ರೋಕರ್ ಎಪಿಐ (ಪ್ರೋಗ್ರಾಂನಿಂದಲೇ ಆರ್ಡರ್ ಕಳಿಸುವ ದಾರಿ) ಬಳಸಲು ಬದಲಾಗದ ಐಪಿ ವಿಳಾಸ ಬೇಕು. ಹಾಗಾಗಿ ಇಂಟರ್‌ನೆಟ್ ಕಂಪನಿಗೆ ಅದಕ್ಕೂ ಒಂದಿಷ್ಟು ಕಟ್ಟುವುದನ್ನು ಖರ್ಚಿಗೆ ಸೇರಿಸಿಕೊಳ್ಳಿ.

ಅಷ್ಟಕ್ಕೂ ಫೀಡ್ ನಿಂತರೆ? ಬೆಲೆ ಹತ್ತು ಪೈಸೆ ತಪ್ಪಾದರೆ ಆಗುವ ನಷ್ಟಕ್ಕಿಂತ ಬೆಲೆಯೇ ಬಾರದಿದ್ದರೆ ಆಗುವ ನಷ್ಟ ದೊಡ್ಡದು. 2021ರ ಫೆಬ್ರವರಿ 24 ಹಳಬರಿಗೆಲ್ಲ ನೆನಪಿದೆ. ಬೆಳಿಗ್ಗೆ ಹತ್ತು ದಾಟುತ್ತಿದ್ದಂತೆ ನಿಫ್ಟಿಯ ಅಂಕಿ ಕದಲದೆ ನಿಂತಿತು. ಎಲ್ಲರೂ ತಮ್ಮ ನೆಟ್ ಹೋಗಿದೆ ಅಂದುಕೊಂಡು ರೌಟರ್ ಆಫ್ ಮಾಡಿ ಆನ್ ಮಾಡಿದರು. 11:40ಕ್ಕೆ ಎನ್‌ಎಸ್‌ಇ ವ್ಯಾಪಾರವನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು ಮಧ್ಯಾಹ್ನ 3:45ಕ್ಕೆ, 5ರವರೆಗೆ. ಎಷ್ಟು ದುಬಾರಿ ಫೀಡ್ ಇದ್ದವರಿಗೂ ಅವತ್ತು ಅದೇ ಗತಿ, ಬಾವಿಯೇ ಬತ್ತಿದ ಮೇಲೆ ಪಂಪು ಯಾವ ಕಂಪನಿದಾದರೇನು? ಆವತ್ತು ಬಿಎಸ್‌ಇಯಲ್ಲಿ ವ್ಯಾಪಾರ ನಡೆಯುತ್ತಲೇ ಇತ್ತು. ಎರಡೂ ಎಕ್ಸ್‌ಚೇಂಜು ತೋರಿಸುವ ಸಾಫ್ಟ್‌ವೇರ್ ಇದ್ದವರಿಗೆ ಬೆಲೆ ಎಲ್ಲಿದೆ ಅಂತಾದರೂ ಗೊತ್ತಾಗುತ್ತಿತ್ತು.

ಅಂಥದ್ದು ಯಾವಾಗಲೋ ಒಮ್ಮೆ. ನಮ್ಮಲ್ಲಿ ದಿನಾ ಆಗುವುದು ಇನ್ನೂ ಸಾದಾ: ಕರೆಂಟು ಹೋಗುತ್ತದೆ, ಜೆಸಿಬಿ ಗುಂಡಿ ತೆಗೆಯುವಾಗ ಕೇಬಲ್ ಕತ್ತರಿಸುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಹಾಕಿದವರು ರೌಟರನ್ನು ಅದಕ್ಕೆ ಸೇರಿಸಲು ಮರೆತಿರುತ್ತಾರೆ. ಕಂಪ್ಯೂಟರ್ ಉರಿಯುತ್ತಿರುತ್ತದೆ, ಚಾರ್ಟು ಸತ್ತಿರುತ್ತದೆ. ಐವತ್ತು ಷೇರಿನ ಬೆಲೆ ಬರಲು ಬೇಕಾದ ನೆಟ್ ಒಂದು ಯೂಟ್ಯೂಬ್ ವಿಡಿಯೊಗಿಂತ ಕಡಿಮೆ. 300 ಎಂಬಿಪಿಎಸ್ ಪ್ಲಾನು ಬೇಕಿಲ್ಲ, 40 ಸಾಕು. ಉಳಿದ ದುಡ್ಡಿನಲ್ಲಿ ಬೇರೆ ಕಂಪನಿಯ ಸಿಮ್ ಒಂದು ಇಟ್ಟುಕೊಳ್ಳಿ. ಫೀಡ್ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಹತ್ತು ನಿಮಿಷ ನೆಟ್ ಹೋಗಿ ಬಂದರೆ ಆ ಹತ್ತು ನಿಮಿಷದ ಕ್ಯಾಂಡಲ್ ತಾನೇ ತುಂಬಿಕೊಳ್ಳುತ್ತದಾ? ಬ್ಯಾಕ್‌ಫಿಲ್ ಅಂತಾರೆ. ಉಚಿತ ಟ್ರಯಲ್ ಕೊಟ್ಟಾಗ ಬೇಕಂತಲೇ ವೈರ್ ಕಿತ್ತು ನೋಡಿ. ಟ್ರಯಲ್ ತಗೊಳ್ಳುವುದೂ ಎಕ್ಸ್‌ಪೈರಿ ಮಂಗಳವಾರವೇ ಇರಲಿ, ಬೆಳಿಗ್ಗೆ 9:15ರಿಂದ 9:30ರೊಳಗೆ. ಎಕ್ಸ್‌ಪೈರಿ ಇಲ್ಲದ ಶಾಂತ ದಿನ ಎಲ್ಲ ಫೀಡೂ ಚೆನ್ನಾಗೇ ಓಡುತ್ತದೆ.

ಹುಡುಗನ ಜೊತೆ ಕೂತು ಲೆಕ್ಕ ಹಾಕಿದೆ. ಅವನ ಬಂಡವಾಳ 2 ಲಕ್ಷ. ಫೀಡು, ಸಾಫ್ಟ್‌ವೇರು, ಸ್ಕ್ಯಾನರ್ರು ಎಲ್ಲ ಸೇರಿ ಅವನು ಬರೆದುಕೊಂಡು ಬಂದದ್ದು ತಿಂಗಳಿಗೆ 4 ಸಾವಿರ. ವರ್ಷಕ್ಕೆ 48 ಸಾವಿರ. ಅಂದರೆ ಬ್ರೋಕರೇಜ್, ತೆರಿಗೆ ಎಲ್ಲ ಬಿಟ್ಟು ಬರೀ ಚಾರ್ಟು ನೋಡುವುದಕ್ಕೇ ಬಂಡವಾಳದ 24%. ಅಷ್ಟು ಗಳಿಸಿದರೆ ಸೊನ್ನೆಗೆ ಬಂದ ಹಾಗೆ. ಸೆಬಿ ಲೆಕ್ಕದಲ್ಲಿ 2021–22ರಿಂದ 2023–24ರವರೆಗೆ ಎಫ್ ಅಂಡ್ ಓದಲ್ಲಿ ಆಡಿದ ಸಾಮಾನ್ಯರಲ್ಲಿ 93% ಜನರಿಗೆ ನಷ್ಟ, ತಲೆಗೆ ಸರಾಸರಿ ಸುಮಾರು 2 ಲಕ್ಷ. 2024–25ರಲ್ಲೂ 91%. ಅವರೆಲ್ಲರ ಚಾರ್ಟೂ ಹತ್ತು ಪೈಸೆ ತಪ್ಪಿತ್ತು ಅಂತ ನಾನಂತೂ ನಂಬುವುದಿಲ್ಲ.

ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ, "ಹಂಗಾದ್ರೆ ಏನೂ ತಗೊಳ್ಳೋದು ಬ್ಯಾಡ ಅಂತೀರಾ?" ಅಂದ. ರೌಟರಿಗೆ ಒಂದು ಸಣ್ಣ ಯುಪಿಎಸ್ ತಗೋ ಅಂದೆ. ಆಮೇಲೆ ಕೇಳಿದೆ, "ಆ್ಯಪ್ ಸತ್ತು ಹೋದ್ರೆ, ಪೊಸಿಷನ್ ತೆರೆದಿದ್ರೆ, ಅಂದ್ರೆ ತಗೊಂಡಿದ್ದು ಇನ್ನೂ ಮಾರದೇ ಇದ್ರೆ, ಏನ್ ಮಾಡ್ತೀಯ?" ಗೊತ್ತಿರಲಿಲ್ಲ. ಬ್ರೋಕರಿಗೆ ಫೋನ್ ಮಾಡಿ ಆರ್ಡರ್ ಕೊಡುವ ಕಾಲ್ ಅಂಡ್ ಟ್ರೇಡ್ ಇದೆ ಅಂತ ಕೇಳಿದ್ದ, ನಂಬರ್ ನೋಡಿರಲಿಲ್ಲ. ಬ್ರೋಕರಿನ ವ್ಯವಸ್ಥೆಯೇ ಪೂರ್ತಿ ಕೈಕೊಟ್ಟರೆ ಪೊಸಿಷನ್ ಮುಚ್ಚಿಕೊಳ್ಳಲು ಐಆರ್‌ಆರ್‌ಎ ಎಂಬ ವೇದಿಕೆ 2023ರ ಅಕ್ಟೋಬರ್‌ನಿಂದ ಇದೆ, ಅದರ ಲಿಂಕು ಬರುವುದು ನೋಂದಾಯಿಸಿದ ಮೊಬೈಲಿಗೆ, ಇಮೇಲಿಗೆ. ಅವನ ಖಾತೆಯಲ್ಲಿದ್ದದ್ದು ಎರಡು ವರ್ಷದ ಹಿಂದೆ ಬಿಟ್ಟ ಹಳೆಯ ಸಿಮ್ ನಂಬರು.

ಅವತ್ತು ಸಂಜೆ ಅವನು ಅದನ್ನು ಬದಲಾಯಿಸಿದ. ಈಗ ಅವನ ಕಂಪ್ಯೂಟರ್ ಮೇಲಿನ ಗೋಡೆಯಲ್ಲಿ, ಕ್ಯಾಲೆಂಡರ್ ಪಕ್ಕ, ಪೆನ್ಸಿಲಿನಲ್ಲಿ ಬರೆದ ಒಂದು ಫೋನ್ ನಂಬರ್ ಇದೆ. ಎರಡನೇ ಮಾನಿಟರ್ ಇನ್ನೂ ಬಂದಿಲ್ಲ.